ಕೆಲಸ ಹೋದ ಮರುದಿನದಿಂದ ಅರವತ್ತು ದಿನ

ಅಮೆರಿಕದಲ್ಲಿ ಎಚ್‌-1ಬಿ ವೀಸಾ ಮೇಲೆ ದುಡಿಯುವವರ ಕೆಲಸ ಹೋದರೆ ಸಂಬಳದ ಜೊತೆಗೆ ಆ ದೇಶದಲ್ಲಿ ಉಳಿಯುವ ಹಕ್ಕಿಗೂ ಕುತ್ತು ಬರುತ್ತದೆ. ಕಾನೂನಿನ ಲೆಕ್ಕದಲ್ಲಿ ಈ ವೀಸಾದ ಅರ್ಜಿದಾರ ಕಂಪನಿ. ಉದ್ಯೋಗಿ ಫಲಾನುಭವಿ ಮಾತ್ರ. ಕಂಪನಿ ಕೈಬಿಟ್ಟಿತೆಂದರೆ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಚೀಟಿಗೆ ಇನ್ನೂ ಎರಡು ವರ್ಷ ಬಾಳಿಕೆ ಇದ್ದರೂ, ಅದರ ಆಧಾರ ಕುಸಿದಂತೆಯೇ. ಅಲ್ಲಿಂದಾಚೆಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ಅವರ ಹೆಸರಿನಲ್ಲಿ ಹೊಸ ಅರ್ಜಿ ಸಲ್ಲಿಸಿರಬೇಕು, ಇಲ್ಲವೇ ಅವರೇ ಬೇರೆ ಬಗೆಯ ವೀಸಾ ಸ್ಥಿತಿಗೆ ಬದಲಾಗಲು ಅರ್ಜಿ ಹಾಕಿರಬೇಕು. ಎರಡೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು.

ಎಚ್‌-1ಬಿ ಹುಟ್ಟಿದ್ದು 1990ರ ವಲಸೆ ಕಾಯ್ದೆಯಿಂದ. ವರ್ಷಕ್ಕೆ 65,000 ವೀಸಾ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆಂದು ಇನ್ನೂ 20,000. ಬೇಡಿಕೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿರುವುದರಿಂದ ಲಾಟರಿ ಎತ್ತುತ್ತಾರೆ. 2024ರ ಹಣಕಾಸು ವರ್ಷದಲ್ಲಿ ಮಂಜೂರಾದ ಎಚ್‌-1ಬಿ ಅರ್ಜಿಗಳಲ್ಲಿ ಸುಮಾರು ಶೇ 71ರಷ್ಟು ಭಾರತದಲ್ಲಿ ಹುಟ್ಟಿದವರವು. ಹೀಗಾಗಿ ಸಿಯಾಟಲ್‌ನಲ್ಲೋ ಸನಿವೇಲ್‌ನಲ್ಲೋ ಕಂಪನಿಯೊಂದು ಸಾವಿರಾರು ಜನರನ್ನು ತೆಗೆದರೆ ಅದರ ಆತಂಕ ಜಯನಗರದ, ಹುಬ್ಬಳ್ಳಿಯ, ಉಡುಪಿಯ ಮನೆಗಳಿಗೂ ತಲುಪುತ್ತದೆ. 2022ರ ನವೆಂಬರ್‌ನಲ್ಲಿ ಮೆಟಾ 11,000 ಮಂದಿಯನ್ನು ಕೈಬಿಟ್ಟಿತು. ಎರಡೇ ತಿಂಗಳಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಹುದ್ದೆಗಳ ಕಡಿತ ಪ್ರಕಟಿಸಿದವು. 2025ರ ಅಕ್ಟೋಬರ್‌ನಲ್ಲಿ ಅಮೆಜಾನ್ ಮತ್ತೆ 14,000 ಹುದ್ದೆಗಳಿಗೆ ಕತ್ತರಿ ಹಾಕಿತು.

60 ದಿನಗಳ ಈ ಸೌಲಭ್ಯವೂ ಮೊದಲಿನಿಂದ ಇದ್ದದ್ದಲ್ಲ. 2016ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮ 2017ರ ಜನವರಿ 17ರಂದು ಜಾರಿಗೆ ಬಂದ ಮೇಲಷ್ಟೇ ಇದು ಸಿಕ್ಕಿತು. ಅದಕ್ಕೂ ಮುಂಚೆ ಕೆಲಸ ಹೋದ ದಿನವೇ ವಾಸದ ಅರ್ಹತೆಯೂ ಮುಗಿಯುತ್ತಿತ್ತು. 2023ರಲ್ಲಿ ಏಷ್ಯನ್ ಅಮೆರಿಕನ್ನರ ಕುರಿತ ಅಧ್ಯಕ್ಷೀಯ ಸಲಹಾ ಆಯೋಗದಲ್ಲಿ ಈ ಅವಧಿಯನ್ನು 180 ದಿನಕ್ಕೆ ಏರಿಸಬೇಕೆಂಬ ಶಿಫಾರಸು ಬಂತು. ನಿಯಮ ಮಾತ್ರ ಬದಲಾಗಲಿಲ್ಲ. ಹತ್ತು ಹನ್ನೆರಡು ವರ್ಷ ತೆರಿಗೆ ಕಟ್ಟಿ, ಮನೆ ಕೊಂಡು, ಅಲ್ಲೇ ಹುಟ್ಟಿದ ಮಕ್ಕಳನ್ನು ಶಾಲೆಗೆ ಸೇರಿಸಿದ ಸಂಸಾರಕ್ಕೆ ಎರಡು ತಿಂಗಳ ಗಡುವು ಕೊಡುವುದು ನ್ಯಾಯವಲ್ಲ. ಆದರೆ ಸದ್ಯಕ್ಕೆ ಇರುವ ಕಾನೂನು ಇದೇ. ಅದರೊಳಗೆ ದಾರಿ ಹುಡುಕಬೇಕಾದವರಿಗೆ ಅದರ ಒಳಹೊರಗು ತಿಳಿದಿರಬೇಕು.

ಎಣಿಕೆ ಎಲ್ಲಿಂದ

ಮೊದಲ ಗೊಂದಲವೇ ದಿನ ಎಣಿಸುವುದರಲ್ಲಿ. ಲೇಆಫ್ ಇಮೇಲ್ ಬಂದ ದಿನದಿಂದ ಎಣಿಕೆ ಶುರುವಾಗುವುದಿಲ್ಲ. ಉದ್ಯೋಗ ಕೊನೆಗೊಂಡ ದಿನದ ಮರುದಿನ ಅದು ಶುರುವಾಗುತ್ತದೆ. ಕೊನೆಗೊಂಡ ದಿನವೆಂದರೆ ಸಾಮಾನ್ಯವಾಗಿ ಸಂಬಳ ಲೆಕ್ಕಕ್ಕೆ ಹಿಡಿದ ಕೊನೆಯ ದಿನ ಎಂದು ವಲಸೆ ಇಲಾಖೆ, ಅಂದರೆ ಯುಎಸ್‌ಸಿಐಎಸ್, ಹೇಳುತ್ತದೆ. ನೂರು ಅಥವಾ ಹೆಚ್ಚು ನೌಕರರಿರುವ ಕಂಪನಿ ದೊಡ್ಡ ಸಂಖ್ಯೆಯಲ್ಲಿ ಜನರನ್ನು ತೆಗೆಯುವಾಗ 60 ದಿನ ಮುಂಚೆ ನೋಟಿಸ್ ಕೊಡಬೇಕೆನ್ನುತ್ತದೆ 1988ರ ವಾರ್ನ್ ಕಾಯ್ದೆ. ಅನೇಕ ದೊಡ್ಡ ಕಂಪನಿಗಳು ಆ ಅವಧಿಯಲ್ಲಿ ಕೆಲಸ ಮಾಡಿಸಿಕೊಳ್ಳದಿದ್ದರೂ ನೌಕರರನ್ನು ವೇತನಪಟ್ಟಿಯಲ್ಲಿ ಇಟ್ಟುಕೊಂಡು ಸಂಬಳ ಕೊಡುತ್ತವೆ. ಅಂಥಲ್ಲಿ ಎಣಿಕೆ ಆ ಅವಧಿ ಮುಗಿದ ಮೇಲೆ ಆರಂಭವಾಗುತ್ತದೆಂದು ಸಾಮಾನ್ಯವಾಗಿ ಭಾವಿಸಿದರೂ, ಕೆಲಸವಿಲ್ಲದ ಆ ದಿನಗಳ ವಿಷಯದಲ್ಲಿ ವಕೀಲರು ಎಚ್ಚರಿಕೆಯಿಂದಲೇ ಮಾತಾಡುತ್ತಾರೆ.

ಸೆವರೆನ್ಸ್ ಹಣದ ಕತೆಯೇ ಬೇರೆ. ಕೆಲಸ ಹೋದ ಮೇಲೆ ಇಡಿಗಂಟಾಗಿ ನಾಲ್ಕು ತಿಂಗಳ ಸಂಬಳ ಕೈಗೆ ಬಂದರೂ ಅದರಿಂದ ಗಡುವು ಒಂದು ದಿನವೂ ಮುಂದೆ ಹೋಗದು. ಆದ್ದರಿಂದ ಸೆವರೆನ್ಸ್ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಬೇಡಿಕೆ ಇಡುವುದು ಒಳ್ಳೆಯದು: ಇಡಿಗಂಟಿನಲ್ಲಿ ಒಂದಷ್ಟು ಕಡಿಮೆ ಮಾಡಿ, ಅದರ ಬದಲಿಗೆ ಕೊನೆಯ ದಿನಾಂಕವನ್ನು ಕೆಲವು ವಾರ ಮುಂದೂಡಲಾದೀತೇ? ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಒಪ್ಪಿದರೆ ಆ ವಾರಗಳ ಬೆಲೆ ಹಣಕ್ಕಿಂತ ಹೆಚ್ಚು.

ಇನ್ನೊಂದು ಸೂಕ್ಷ್ಮವನ್ನು ಬಹಳ ಮಂದಿ ಗಮನಿಸುವುದಿಲ್ಲ. ನಿಯಮ ಹೇಳುವುದು ‘60 ದಿನ ಅಥವಾ ಐ-94 ಮುಗಿಯುವ ದಿನ, ಯಾವುದು ಮೊದಲೋ ಅದು’ ಎಂದು. ದೇಶದೊಳಗೆ ಬಂದಾಗ ಸಿಗುವ ಐ-94 ದಾಖಲೆಯ ಅವಧಿ ಇನ್ನು 25 ದಿನಕ್ಕೆ ಮುಗಿಯುವುದಿದ್ದರೆ ಇರುವುದು 25 ದಿನ ಮಾತ್ರ. ಈ ಸೌಲಭ್ಯ ಮಂಜೂರಾದ ಒಂದು ಅವಧಿಗೆ ಒಂದೇ ಬಾರಿ. ಮಧ್ಯೆ ಊರಿಗೆ ಹೋಗಿ ಬರೋಣವೆಂದು ವಿಮಾನ ಹತ್ತಿದರೆ ಉಳಿದ ದಿನಗಳು ಮರಳಿ ಬರುವವರಿಗೆ ಕಾದಿರುವುದಿಲ್ಲ. ಕೆಲಸವಿಲ್ಲದೆ ಹಳೆಯ ಎಚ್‌-1ಬಿ ತೋರಿಸಿ ಒಳಬರಲೂ ಆಗದು.

ಮೊದಲ ದಿನದ ಕಾಗದಪತ್ರ

ಲೇಆಫ್ ಸುದ್ದಿ ಬಂದ ಕೆಲವೇ ನಿಮಿಷಗಳಲ್ಲಿ ಕಂಪನಿಯ ಇಮೇಲ್, ಲ್ಯಾಪ್‌ಟಾಪ್, ಒಳಗಿನ ಜಾಲತಾಣ ಎಲ್ಲಕ್ಕೂ ಬೀಗ ಬೀಳುವುದು ಈಗ ವಾಡಿಕೆ. ಹೊಸ ಕಂಪನಿಯ ವಕೀಲರು ಕೇಳುವ ದಾಖಲೆಗಳಲ್ಲಿ ಅರ್ಧ ಅಲ್ಲೇ ಇರುತ್ತವೆ. ಐ-797 ಮಂಜೂರಾತಿ ಪತ್ರಗಳು, ಐ-94, ಇತ್ತೀಚಿನ ಮೂರು ತಿಂಗಳ ಪೇ ಸ್ಟಬ್‌ಗಳು, ಹಿಂದಿನ ವರ್ಷಗಳ ಡಬ್ಲ್ಯು-2, ಪದವಿ ಪ್ರಮಾಣಪತ್ರ ಹಾಗೂ ಅದರ ಮೌಲ್ಯಮಾಪನ ವರದಿ, ಗ್ರೀನ್ ಕಾರ್ಡ್ ಪ್ರಕ್ರಿಯೆ ಶುರುವಾಗಿದ್ದರೆ ಅದಕ್ಕಾಗಿ ಕಂಪನಿ ಸಲ್ಲಿಸಿದ ಐ-140 ಅರ್ಜಿಯ ಪತ್ರ — ಇವುಗಳ ಪ್ರತಿಯನ್ನು ಕೆಲಸ ಗಟ್ಟಿಯಾಗಿರುವಾಗಲೇ ಮನೆಯಲ್ಲಿ ಇಟ್ಟುಕೊಂಡವರು ಒಂದು ವಾರ ಉಳಿಸಿದಂತೆ.

ಅನುಭವ ಪತ್ರದ ವಿಷಯ ಬೇರೆ. ಮಾನವ ಸಂಪನ್ಮೂಲ ವಿಭಾಗ ಕೊಡುವ ಪತ್ರದಲ್ಲಿ ಹುದ್ದೆಯ ಹೆಸರು, ಸೇರಿದ ದಿನ, ಬಿಟ್ಟ ದಿನ ಬಿಟ್ಟರೆ ಬೇರೇನೂ ಇರುವುದಿಲ್ಲ. ಮುಂದೆ ಗ್ರೀನ್ ಕಾರ್ಡ್‌ಗೆ ಬೇಕಾಗುವುದು ಯಾವ ಕೆಲಸ, ಯಾವ ತಂತ್ರಜ್ಞಾನ, ಎಷ್ಟು ಕಾಲ ಎಂಬ ವಿವರವುಳ್ಳ ಪತ್ರ. ಅದನ್ನು ಬರೆದುಕೊಡಬಲ್ಲವರು ಮ್ಯಾನೇಜರ್ ಅಥವಾ ಜೊತೆಗೆ ದುಡಿದವರು. ಅವರೂ ನಾಳೆ ಬೇರೆ ಕಂಪನಿಗೆ ಹೋಗಿಬಿಡಬಹುದು. ಕೇಳಲು ಸಂಕೋಚಪಡುವ ಸಮಯ ಅದಲ್ಲ.

ಗಡುವು ಹುಡುಕಾಟಕ್ಕಲ್ಲ

ಕೆಲಸ ಬದಲಾಯಿಸುವುದನ್ನು ಸುಲಭ ಮಾಡಿದ್ದು 2000ನೇ ಇಸವಿಯ ಕಾಯ್ದೆ. ವಕೀಲರ ಬಾಯಲ್ಲಿ ಅದು ಎಸಿ-21. ಅದರ ಪ್ರಕಾರ ಹೊಸ ಕಂಪನಿಯ ಅರ್ಜಿ ಯುಎಸ್‌ಸಿಐಎಸ್ ಕೈಸೇರಿದರೆ ಸಾಕು, ಮಂಜೂರಾತಿಗೆ ಕಾಯದೆ ಕೆಲಸಕ್ಕೆ ಸೇರಬಹುದು. ಒಮ್ಮೆ ಲಾಟರಿಯಲ್ಲಿ ಗೆದ್ದು ಲೆಕ್ಕಕ್ಕೆ ಬಂದವರು ಉಳಿದ ಅವಧಿಗೆ ಮತ್ತೆ ಲಾಟರಿಗೆ ನಿಲ್ಲಬೇಕಿಲ್ಲ. ಇದನ್ನೇ ಮಾತಿನಲ್ಲಿ ‘ಟ್ರಾನ್ಸ್‌ಫರ್’ ಎನ್ನುತ್ತಾರಾದರೂ ವಾಸ್ತವದಲ್ಲಿ ಪ್ರತಿ ಸಲವೂ ಹೊಸ ಅರ್ಜಿ, ಹೊಸ ಶುಲ್ಕ, ಹೊಸ ಪರಿಶೀಲನೆ.

60 ದಿನವನ್ನು ಕೆಲಸ ಹುಡುಕುವ ಕಾಲವೆಂದು ತಿಳಿದವರು ಎಡವುವುದು ಇಲ್ಲಿಯೇ. 60ನೇ ದಿನದೊಳಗೆ ಆಗಬೇಕಾದ್ದು ಅರ್ಜಿ ಸಲ್ಲಿಕೆ. ಅದಕ್ಕೆ ಮೊದಲು ಕಂಪನಿ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ದೃಢೀಕರಣ ಪಡೆಯಬೇಕು. ಆ ಊರಿನಲ್ಲಿ ಆ ಹುದ್ದೆಗೆ ಚಾಲ್ತಿಯಲ್ಲಿರುವ ಸಂಬಳಕ್ಕಿಂತ ಕಡಿಮೆ ಕೊಡುವುದಿಲ್ಲ ಎಂಬ ಘೋಷಣೆ ಅದರಲ್ಲಿರುತ್ತದೆ. ಇಲಾಖೆ ಅದಕ್ಕೆ ತೆಗೆದುಕೊಳ್ಳುವುದು ಏಳು ಕೆಲಸದ ದಿನ. ಹಣ ಕೊಟ್ಟು ಅದನ್ನು ಚುರುಕುಗೊಳಿಸುವ ದಾರಿ ಇಲ್ಲ.

2026ರ ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಬಹುದು. ಒಬ್ಬರ ಕೊನೆಯ ದಿನ ಮಾರ್ಚ್ 31, ಮಂಗಳವಾರ ಎಂದಿಟ್ಟುಕೊಳ್ಳೋಣ. ಏಪ್ರಿಲ್ 1 ಮೊದಲ ದಿನ; ಮೇ 30 ಅರವತ್ತನೆಯ ದಿನ. ಅದು ಶನಿವಾರ. ಅಂಚೆ ಅಥವಾ ಕೊರಿಯರ್ ತಡವಾಗುವ ಭಯಕ್ಕೆ ಒಂದು ದಿನ ಬಿಟ್ಟರೆ ಅರ್ಜಿ ಮೇ 28ರ ಗುರುವಾರ ತಲುಪಬೇಕು. ಹಿಂದಿನ ದಿನ, 27ಕ್ಕೆ, ಎಲ್‌ಸಿಎ ಕೈಯಲ್ಲಿರಬೇಕು. ಮೇ 25 ಮೆಮೋರಿಯಲ್ ಡೇ, ಸರ್ಕಾರಿ ರಜೆ. ಅದನ್ನೂ ಶನಿವಾರ ಭಾನುವಾರಗಳನ್ನೂ ಕಳೆದು ಏಳು ಕೆಲಸದ ದಿನ ಹಿಂದಕ್ಕೆ ಎಣಿಸಿದರೆ ಎಲ್‌ಸಿಎ ಅರ್ಜಿ ಮೇ 15ರ ಶುಕ್ರವಾರವೇ ಹೋಗಿರಬೇಕು. ಅದಕ್ಕೂ ಮೊದಲು ಹುದ್ದೆಯ ವಿವರಣೆ ಬರೆಯಲು, ಸಂಬಳದ ಮಟ್ಟ ನಿರ್ಧರಿಸಲು, ದಾಖಲೆ ತರಿಸಿಕೊಳ್ಳಲು ವಕೀಲರಿಗೆ ಒಂದು ವಾರವಾದರೂ ಬೇಕು. ಅಂದರೆ ಮೇ 8ರ ಹೊತ್ತಿಗೆ ಆಫರ್ ಲೆಟರ್‌ಗೆ ಸಹಿ ಬಿದ್ದಿರಬೇಕು. ಅದು 38ನೇ ದಿನ. ಉಳಿದ 22 ದಿನ ಕಾಗದಪತ್ರಕ್ಕೇ ಹೋಯಿತು. ಆ 38 ದಿನಗಳಲ್ಲಿ ಅರ್ಜಿ ಹಾಕಿ, ರಿಕ್ರೂಟರ್ ಫೋನು ಬಂದು, ಕೋಡಿಂಗ್ ಪರೀಕ್ಷೆ ಬರೆದು, ನಾಲ್ಕೈದು ಸುತ್ತಿನ ಸಂದರ್ಶನ ಮುಗಿದು, ಹಿನ್ನೆಲೆ ಪರಿಶೀಲನೆ ಆಗಬೇಕು. ಮಾಮೂಲಿ ಕಾಲದಲ್ಲೇ ದೊಡ್ಡ ಕಂಪನಿಗಳು ಇದಕ್ಕೆ ಒಂದೂವರೆ ಎರಡು ತಿಂಗಳು ತೆಗೆದುಕೊಳ್ಳುವುದುಂಟು.

ಈ ಲೆಕ್ಕವೂ ಎಲ್ಲ ಸರಿಯಾಗಿ ನಡೆದರೆ ಮಾತ್ರ. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಸರ್ಕಾರದ ಬಾಗಿಲು ಮುಚ್ಚಿದಾಗ ಎಲ್‌ಸಿಎ ಕೊಡುವ ಕೆಲಸ ಹೆಚ್ಚೂಕಡಿಮೆ ಇಡೀ ತಿಂಗಳು ನಿಂತುಹೋಗಿತ್ತು. ಅದರ ಹಿಂದಿನ ತಿಂಗಳು ಕೆಲಸ ಕಳೆದುಕೊಂಡವರ ಪಾಲಿಗೆ ಕೈಯಲ್ಲಿ ಆಫರ್ ಇದ್ದರೂ ಅರ್ಜಿ ಮುಂದೆ ಸಾಗುವಂತಿರಲಿಲ್ಲ. ಗಡುವು ಮೀರಿದ ಅರ್ಜಿಯನ್ನು ಅಸಾಧಾರಣ ಕಾರಣವಿದ್ದರೆ ಕ್ಷಮಿಸುವ ವಿವೇಚನೆ ವಲಸೆ ಇಲಾಖೆಗಿದೆ. ವಿವೇಚನೆ ಎಂದ ಮೇಲೆ ಅದು ಹಕ್ಕಲ್ಲ. ಕ್ಷಮಿಸದಿದ್ದರೆ ಅರ್ಜಿ ಮಂಜೂರಾದರೂ ಉದ್ಯೋಗಿ ದೇಶ ಬಿಟ್ಟು ಹೋಗಿ, ಅಗತ್ಯವಿದ್ದರೆ ಹೊಸ ವೀಸಾ ಪಡೆದು, ಒಳಬರಬೇಕಾಗುತ್ತದೆ.

ಯಾರ ಬಾಗಿಲು ತಟ್ಟಬೇಕು

ಆನ್‌ಲೈನ್ ಅರ್ಜಿಗಳಲ್ಲಿ ಒಂದು ಪ್ರಶ್ನೆ ಇರುತ್ತದೆ: ಈಗ ಅಥವಾ ಮುಂದೆ ವೀಸಾ ಪ್ರಾಯೋಜಕತ್ವ ಬೇಕೇ? ‘ಹೌದು’ ಎಂದ ತಕ್ಷಣ ಹಲವು ಕಂಪನಿಗಳ ತಂತ್ರಾಂಶ ಆ ಅರ್ಜಿಯನ್ನು ಬದಿಗೆ ಸರಿಸುತ್ತದೆ. ‘ಇಲ್ಲ’ ಎಂದು ಬರೆದು ಆಮೇಲೆ ಸಿಕ್ಕಿಬೀಳುವುದು ಇನ್ನೂ ಕೆಟ್ಟದ್ದು. ಆಫರ್ ಹೋಗುತ್ತದೆ, ಹೆಸರೂ ಕೆಡುತ್ತದೆ. ಇದಕ್ಕೆ ಮದ್ದು ಮನುಷ್ಯರನ್ನು ನೇರವಾಗಿ ತಲುಪುವುದು. ಲಾಟರಿ ಬೇಕಿಲ್ಲ, ಅರ್ಜಿ ಸಲ್ಲಿಸಿದ ಕೂಡಲೇ ಕೆಲಸಕ್ಕೆ ಬರಬಹುದು ಎಂಬುದನ್ನು ರಿಕ್ರೂಟರ್‌ಗೆ ಮೊದಲ ಫೋನಿನಲ್ಲೇ ಬಿಡಿಸಿ ಹೇಳಿದರೆ ಎಷ್ಟೋ ಸಲ ಬಾಗಿಲು ತೆರೆಯುತ್ತದೆ. ಸಣ್ಣ ಕಂಪನಿಗಳ ನೇಮಕಾತಿ ವಿಭಾಗದವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ಕೊನೆಯ ದಿನಾಂಕವನ್ನೂ ಮುಚ್ಚಿಡದೆ ಹೇಳಬೇಕು. ಗಡುವು ತಿಳಿದ ಮ್ಯಾನೇಜರ್ ಸಂದರ್ಶನದ ಸುತ್ತುಗಳನ್ನು ಒಂದೇ ವಾರಕ್ಕೆ ಒಗ್ಗೂಡಿಸಿದ ಉದಾಹರಣೆಗಳಿವೆ, ತಿಳಿಯದವರು ಆತುರಪಡುವುದಿಲ್ಲ.

ಯಾವ ಕಂಪನಿ ಎಚ್‌-1ಬಿ ಅರ್ಜಿ ಹಾಕುತ್ತದೆ ಎಂದು ಊಹಿಸಬೇಕಿಲ್ಲ. ಯುಎಸ್‌ಸಿಐಎಸ್ ತನ್ನ ಉದ್ಯೋಗದಾತರ ಮಾಹಿತಿ ಕಣಜದಲ್ಲಿ ಕಂಪನಿವಾರು, ಊರುವಾರು ಅಂಕಿಅಂಶ ಪ್ರಕಟಿಸುತ್ತದೆ. ಕಾರ್ಮಿಕ ಇಲಾಖೆ ಎಲ್‌ಸಿಎಗಳಲ್ಲಿ ನಮೂದಾದ ಹುದ್ದೆ, ಸಂಬಳ, ಸ್ಥಳಗಳನ್ನು ಕಾಲಕಾಲಕ್ಕೆ ಹೊರಬಿಡುತ್ತದೆ. ಹೆಸರಾಂತ ತಂತ್ರಜ್ಞಾನ ಕಂಪನಿಗಳ ಬೆನ್ನು ಹತ್ತಿದವರು ಈ ಪಟ್ಟಿಗಳನ್ನು ತೆರೆದು ನೋಡಿದರೆ ಬ್ಯಾಂಕು, ವಿಮೆ, ಆಸ್ಪತ್ರೆ ಜಾಲ, ಚಿಲ್ಲರೆ ವ್ಯಾಪಾರ, ವಾಹನ ತಯಾರಿಕೆಯ ಕಂಪನಿಗಳೂ ಕಣ್ಣಿಗೆ ಬೀಳುತ್ತವೆ. ವಿಶ್ವವಿದ್ಯಾಲಯಗಳು ಮತ್ತು ಲಾಭರಹಿತ ಸಂಶೋಧನಾ ಸಂಸ್ಥೆಗಳು ವಾರ್ಷಿಕ ಮಿತಿಯಿಂದ ಹೊರಗಿವೆ. ಸಂಬಳ ಕಡಿಮೆಯಾದರೂ, ಲಾಟರಿಯಲ್ಲಿ ಎಂದೂ ಲೆಕ್ಕಕ್ಕೆ ಬಾರದವರಿಗೆ, ಅದರಲ್ಲೂ ಎಲ್‌-1 ಮೇಲೆ ಬಂದು ಕೆಲಸ ಕಳೆದುಕೊಂಡವರಿಗೆ, ಅದೇ ದೊಡ್ಡ ಆಸರೆ. ಎಲ್‌-1 ಒಂದೇ ಕಂಪನಿ ಸಮೂಹಕ್ಕೆ ಕಟ್ಟಿದ ವೀಸಾ. 60 ದಿನ ಅವರಿಗೂ ಇದೆ. ಬೇರೆ ಕಂಪನಿಗೆ ಹಾರುವ ಸ್ವಾತಂತ್ರ್ಯ ಇಲ್ಲ.

ಎಲ್ಲಕ್ಕಿಂತ ಬೇಗ ಫಲ ಕೊಡುವುದು ರೆಫರಲ್. ಹಿಂದೆ ಜೊತೆಗೆ ದುಡಿದು ಈಗ ಬೇರೆಡೆ ಇರುವವರು, ಕಾಲೇಜಿನ ಸಹಪಾಠಿಗಳು, ಹಳೆಯ ಮ್ಯಾನೇಜರ್‌ಗಳು ಒಂದು ಸಾಲು ಬರೆದರೆ ಸಾವಿರ ಅರ್ಜಿಗಳ ರಾಶಿಯಿಂದ ಒಂದು ಮೇಲಕ್ಕೆ ಬರುತ್ತದೆ. ಅಮೆರಿಕದ ಊರೂರಿನ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳಿಗೆ ಸೇರಿಸುವ ಜನರೇ ಬೇರೆ ಬೇರೆ ಕಂಪನಿಗಳ ಒಳಗಿದ್ದಾರೆ. ಕೆಲಸ ಹೋದ ಸುದ್ದಿಯನ್ನು ಕೂಟದವರಿಗೆ ತಿಳಿಯದಂತೆ ಮುಚ್ಚಿಡುವ ಅಭ್ಯಾಸ ನಮ್ಮವರಲ್ಲಿ ಬಲವಾಗಿದೆ. ಊರಿನಲ್ಲಿ ಅಪ್ಪ ಅಮ್ಮನಿಗೂ ಹೇಳದವರಿದ್ದಾರೆ. ಹತ್ತು ಸಾವಿರ ಜನರ ಹೆಸರನ್ನು ಒಂದೇ ಬೆಳಿಗ್ಗೆ ಅಳಿಸಿದ ಪಟ್ಟಿಯಲ್ಲಿ ತನ್ನದೂ ಇದ್ದರೆ ಅದು ಯೋಗ್ಯತೆಯ ತೀರ್ಪಲ್ಲ, ನಾಚಿಕೆಯ ಮಾತೂ ಅಲ್ಲ. ಮುಚ್ಚಿಟ್ಟಷ್ಟು ದಿನ ಆ 38 ದಿನಗಳಲ್ಲೇ ಕಳೆಯುತ್ತದೆ.

ಹೊಸ ಹುದ್ದೆ ಹಳೆಯದಕ್ಕಿಂತ ಕೆಳಗಿನದಾದರೂ ಅಡ್ಡಿಯಿಲ್ಲ. ಆದರೆ ಅದು ನಿರ್ದಿಷ್ಟ ಪದವಿ ಬೇಡುವ, ಓದಿಗೆ ಹೊಂದುವ ಹುದ್ದೆಯಾಗಿರಬೇಕು. ಖರ್ಚಿಗೆಂದು ಈ ಮಧ್ಯೆ ಕಾರು ಓಡಿಸುವುದು, ಊಟ ತಲುಪಿಸುವುದು, ಸ್ನೇಹಿತರ ಕಂಪನಿಗೆ ಕೂಲಿಯಿಲ್ಲದೆ ಕೋಡ್ ಬರೆದುಕೊಡುವುದು ಯಾವುದೂ ಕೂಡದು. ಅನುಮತಿಯಿಲ್ಲದ ದುಡಿಮೆ ಒಂದು ದಿನದ್ದಾದರೂ ಮುಂದಿನ ಅರ್ಜಿಗಳ ದಾರಿಗೆ ಕಲ್ಲಾಗುತ್ತದೆ.

ಆತುರಕ್ಕೆ ಕಾದಿರುವ ಕನ್ಸಲ್ಟೆನ್ಸಿಗಳು

ಗಡುವು ಹತ್ತಿರವಾದಂತೆ ‘ಎಚ್‌-1ಬಿ ಫೈಲ್ ಮಾಡಿಕೊಡುತ್ತೇವೆ, ಪ್ರಾಜೆಕ್ಟ್ ಆಮೇಲೆ ನೋಡೋಣ’ ಎನ್ನುವ ಫೋನುಗಳು ಬರುತ್ತವೆ. ಕನ್ಸಲ್ಟೆನ್ಸಿಗಳೆಲ್ಲ ಕೆಟ್ಟವಲ್ಲ. ನೆಟ್ಟಗೆ ನಡೆಯುವ, ಸಮಯಕ್ಕೆ ಸಂಬಳ ಕೊಡುವ ಸಂಸ್ಥೆಗಳು ಸಾಕಷ್ಟಿವೆ. ಎಷ್ಟೋ ಜನರನ್ನು ಅವು ಕೊನೆಯ ವಾರದಲ್ಲಿ ಉಳಿಸಿವೆ. ಆದರೆ ಇನ್ನೊಂದು ಬಗೆಯ ಸಂಸ್ಥೆಗಳೂ ಇವೆ. ಅರ್ಜಿಯ ಶುಲ್ಕವನ್ನು ಉದ್ಯೋಗಿಯಿಂದಲೇ ವಸೂಲು ಮಾಡುವುದು, ಪ್ರಾಜೆಕ್ಟ್ ಸಿಗುವವರೆಗೆ ಸಂಬಳವಿಲ್ಲದೆ ಬೆಂಚಿನಲ್ಲಿ ಕೂರಿಸುವುದು, ಇಲ್ಲವೇ ಉದ್ಯೋಗಿಯ ಜೇಬಿನ ಹಣವನ್ನೇ ಪಡೆದು ಅದನ್ನು ಅವರ ಸಂಬಳವೆಂದು ವೇತನಪಟ್ಟಿಯಲ್ಲಿ ತೋರಿಸುವುದು, ರೆಸ್ಯೂಮೆಯಲ್ಲಿ ಇಲ್ಲದ ಅನುಭವ ಸೇರಿಸುವುದು ಅವುಗಳ ಪದ್ಧತಿ.

ಇದರಲ್ಲಿ ಕಾನೂನು ಉದ್ಯೋಗಿಯ ಪರವಾಗಿದೆ. ಎಚ್‌-1ಬಿ ಅರ್ಜಿಯ ಶುಲ್ಕ ಮತ್ತು ಅದಕ್ಕೆ ಸಂಬಂಧಿಸಿದ ವಕೀಲರ ಫೀಸು ಕಂಪನಿಯದೇ ಹೊಣೆ. ಕೆಲಸಕ್ಕೆ ಸೇರಿದ ಮೇಲೆ ಕಂಪನಿಯ ಬಳಿ ಕೆಲಸವಿಲ್ಲದಿದ್ದರೂ ಎಲ್‌ಸಿಎಯಲ್ಲಿ ಬರೆದ ಸಂಬಳ ಕೊಡಲೇಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಯ ವೇತನ ವಿಭಾಗಕ್ಕೆ ಡಬ್ಲ್ಯುಎಚ್‌-4 ನಮೂನೆಯಲ್ಲಿ ದೂರು ಕೊಡಬಹುದು. ಆದರೂ ಜನ ಬಾಯಿ ಬಿಡುವುದಿಲ್ಲ, ಯಾಕೆಂದರೆ ಉಳಿಯುವ ಹಕ್ಕು ಅದೇ ಕಂಪನಿಯ ಕೈಯಲ್ಲಿದೆ. ವೀಸಾವನ್ನು ಕೆಲಸಕ್ಕೂ ಕೆಲಸವನ್ನು ಒಂದು ಕಂಪನಿಗೂ ಕಟ್ಟಿದ ವ್ಯವಸ್ಥೆಯ ನಿಜವಾದ ಕೇಡು ಇಲ್ಲಿ ಕಾಣುತ್ತದೆ. ಬೋಗಸ್ ಸಂಬಳ, ಬೋಗಸ್ ಪ್ರಾಜೆಕ್ಟ್ ಪತ್ರಗಳು ನಾಲ್ಕು ವರ್ಷ ಬಿಟ್ಟು ಗ್ರೀನ್ ಕಾರ್ಡ್ ಪರಿಶೀಲನೆಯ ಹೊತ್ತಿಗೆ ಹೊರಬಂದರೆ ಶಿಕ್ಷೆ ಉದ್ಯೋಗಿಗೂ ತಟ್ಟುತ್ತದೆ. ಅಂಥ ಕಡೆ ಸೇರುವುದಕ್ಕಿಂತ ಗೌರವವಾಗಿ ಹೊರಟು ಬರುವುದು ಮೇಲು.

ಕೆಲಸ ಸಿಗದಿದ್ದರೆ

ಗಡುವಿನೊಳಗೆ ಆಫರ್ ಬಾರದವರಿಗೂ ಕೆಲವು ದಾರಿಗಳಿವೆ. ಗಂಡ ಅಥವಾ ಹೆಂಡತಿಗೆ ಎಚ್‌-1ಬಿ ಇದ್ದರೆ ಅವಲಂಬಿತರ ಎಚ್‌-4ಗೆ ಬದಲಾಗುವುದು ಎಲ್ಲಕ್ಕಿಂತ ಸುರಕ್ಷಿತ. ಮುಂದೆ ಕೆಲಸ ಸಿಕ್ಕಾಗ ಎಚ್‌-1ಬಿಗೆ ಮರಳಬಹುದು, ಲಾಟರಿ ಬೇಕಿಲ್ಲ. ಓದಲು ಸೇರಿ ಎಫ್‌-1ಗೆ ಬದಲಾಗುವುದು ಇನ್ನೊಂದು. ಶುಲ್ಕ ಭರಿಸುವ ಶಕ್ತಿ ಬೇಕು. ಬಹಳ ಮಂದಿ ಆರಿಸಿಕೊಳ್ಳುವುದು ಪ್ರವಾಸಿಗರ ಬಿ-2ಗೆ ಬದಲಾಗುವ ಅರ್ಜಿ. ಅದನ್ನು 60 ದಿನದೊಳಗೆ ಸಲ್ಲಿಸಿದರೆ ತೀರ್ಮಾನ ಬರುವವರೆಗೆ ಅಧಿಕೃತವಾಗಿ ಉಳಿಯಬಹುದು. ಬಿ-1, ಬಿ-2 ಸ್ಥಿತಿಯಲ್ಲಿ ಕೆಲಸ ಹುಡುಕುವುದಕ್ಕೂ ಸಂದರ್ಶನಕ್ಕೆ ಹೋಗುವುದಕ್ಕೂ ಅಡ್ಡಿಯಿಲ್ಲ ಎಂದು 2023ರಲ್ಲಿ ಯುಎಸ್‌ಸಿಐಎಸ್ ಸ್ಪಷ್ಟಪಡಿಸಿತು. ದುಡಿಯುವಂತಿಲ್ಲ. ಆಮೇಲೆ ಕೆಲಸ ಸಿಕ್ಕರೂ ಅರ್ಜಿ ಸಲ್ಲಿಸಿದ ಕೂಡಲೇ ಸೇರಲಾಗದು, ಮಂಜೂರಾತಿಗೆ ಕಾಯಬೇಕು. ಹೆಚ್ಚಿನ ಶುಲ್ಕ ಕಟ್ಟಿದರೆ 15 ಕೆಲಸದ ದಿನಗಳಲ್ಲಿ ಇಲಾಖೆ ಕ್ರಮ ಕೈಗೊಳ್ಳುತ್ತದೆ.

ಏನನ್ನೂ ಮಾಡದೆ ಸುಮ್ಮನೆ ಉಳಿದುಬಿಡುವುದು ಮಾತ್ರ ದುಬಾರಿ. ಅಕ್ರಮ ವಾಸ 180 ದಿನ ದಾಟಿದ ಮೇಲೆ ಹೊರಹೋದರೆ ಮೂರು ವರ್ಷ, ಒಂದು ವರ್ಷ ಮುಟ್ಟಿದರೆ ಹತ್ತು ವರ್ಷ ಮರಳಿ ಬರುವಂತಿಲ್ಲ.

ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರ ಚಿಂತೆ ಇನ್ನೊಂದು. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಯಾವ ಒಂದು ದೇಶಕ್ಕೂ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚಿಲ್ಲ. 2025ರ ಕೊನೆಯಲ್ಲಿ ಇಬಿ-2 ಎಂಬ ವರ್ಗದಲ್ಲಿ ಭಾರತೀಯರ ಸಾಲು ಇನ್ನೂ 2013ರಲ್ಲಿ ಅರ್ಜಿ ಹಾಕಿದವರ ಬಳಿಯೇ ಇತ್ತು. ಕೆಲಸ ಹೋದರೆ ಈ ಕಾಯುವಿಕೆ ಮಣ್ಣುಪಾಲಾಗುತ್ತದೆಂಬ ಭಯ ಹಲವರಿಗೆ. ಐ-140 ಮಂಜೂರಾಗಿದ್ದರೆ ಹಾಗಾಗದು: ವಂಚನೆ ಅಥವಾ ಗಂಭೀರ ತಪ್ಪಿನ ಕಾರಣಕ್ಕೆ ರದ್ದಾಗದ ಹೊರತು ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿನ ಜಾಗ ಗುರುತಿಸುವ ದಿನಾಂಕ, ಉದ್ಯೋಗಿಯ ಹೆಸರಿನಲ್ಲೇ ಉಳಿಯುತ್ತದೆ. ಮಂಜೂರಾಗಿ 180 ದಿನ ಕಳೆದಿದ್ದರೆ ಹಳೆ ಕಂಪನಿ ಹಿಂತೆಗೆದುಕೊಂಡರೂ ಆ ಐ-140 ಆಧಾರದಲ್ಲಿ ಎಚ್‌-1ಬಿಗಿರುವ ಆರು ವರ್ಷದ ಸಾಮಾನ್ಯ ಮಿತಿ ಮೀರಿದ ವಿಸ್ತರಣೆ ಸಿಗುತ್ತದೆ. ಹೊಸ ಕಂಪನಿ ಪರ್ಮ್ ಎಂಬ ಕಾರ್ಮಿಕ ಇಲಾಖೆಯ ದೃಢೀಕರಣ ಮತ್ತು ಐ-140 ಎರಡನ್ನೂ ಮೊದಲಿನಿಂದ ಮಾಡಬೇಕು. ಸಾಲಿನ ಜಾಗ ಮಾತ್ರ ಹಳೆಯದೇ. ಕೊನೆಯ ಹಂತದ ಐ-485 ಸಲ್ಲಿಸಿ 180 ದಿನ ಆಗಿದ್ದವರಿಗೆ ಅದೇ ಬಗೆಯ ಇನ್ನೊಂದು ಕೆಲಸ ಸಿಕ್ಕರೆ ಸಾಕು. ನಿಜವಾಗಿ ಕೈ ಖಾಲಿಯಾಗುವುದು ಆರನೇ ವರ್ಷದ ಅಂಚಿನಲ್ಲಿದ್ದು, ಪರ್ಮ್ ಇನ್ನೂ ಕಾರ್ಮಿಕ ಇಲಾಖೆಯಲ್ಲಿರುವಾಗಲೇ ಕೆಲಸ ಕಳೆದುಕೊಂಡವರಿಗೆ.

ಐ-140 ಇದ್ದವರಿಗೆ, ಸರದಿ ಬಾರದಿದ್ದರೂ, ಅನಿವಾರ್ಯ ಸನ್ನಿವೇಶವಿದೆಯೆಂದು ತೋರಿಸಿಕೊಟ್ಟರೆ ಒಂದು ವರ್ಷದ ಕೆಲಸದ ಪರವಾನಗಿ ಕೊಡುವ ಅವಕಾಶವೂ ನಿಯಮದಲ್ಲಿದೆ. ಗಂಭೀರ ಕಾಯಿಲೆಯಂಥ ಕಾರಣಗಳಿಗೆ ಅದು ಸಿಗಬಹುದು. ಕೆಲಸ ಹೋದದ್ದೊಂದೇ ಸಾಮಾನ್ಯವಾಗಿ ಸಾಲದು. ಆ ಪರವಾನಗಿಯ ಮೇಲೆ ದುಡಿಯಲು ತೊಡಗಿದರೆ ಎಚ್‌-1ಬಿ ಸ್ಥಿತಿ ಬಿಟ್ಟುಕೊಟ್ಟಂತೆ.

ಸಂಸಾರದ ಲೆಕ್ಕ

ಒಬ್ಬರ ಎಚ್‌-1ಬಿ ಅಲುಗಿದರೆ ಅದಕ್ಕೆ ತೂಗುಹಾಕಿದ ಎಚ್‌-4ಗಳೂ ಅಲುಗುತ್ತವೆ. 2015ರ ಮೇ ತಿಂಗಳಿನಿಂದ ಐ-140 ಮಂಜೂರಾದವರ ಬಾಳಸಂಗಾತಿಗಳಿಗೆ ಕೆಲಸದ ಪರವಾನಗಿ ಸಿಗುತ್ತಿದೆ. ಮೂಲ ಎಚ್‌-1ಬಿ ಇಲ್ಲವಾದರೆ ಆ ಕೆಲಸವೂ ತೂಗುಯ್ಯಾಲೆಯಲ್ಲಿ. ಎರಡು ಸಂಬಳದ ಮೇಲೆ ಮನೆಸಾಲ ಮಾಡಿದವರು ಮೊದಲು ನೋಡಬೇಕಾದ್ದು ಇದನ್ನು.

ಆರೋಗ್ಯ ವಿಮೆ ಬಹಳ ಕಡೆ ಕೆಲಸ ಹೋದ ತಿಂಗಳ ಕೊನೆಗೇ ನಿಲ್ಲುತ್ತದೆ. 20 ಅಥವಾ ಹೆಚ್ಚು ನೌಕರರಿದ್ದ ಕಂಪನಿಯ ವಿಮೆಯನ್ನು ಕೋಬ್ರಾ ಕಾಯ್ದೆಯಡಿ 18 ತಿಂಗಳವರೆಗೆ ಮುಂದುವರಿಸಬಹುದು. ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಕಂತು, ಮೇಲೆ ಶೇ 2 ನಿರ್ವಹಣಾ ವೆಚ್ಚ ಕಟ್ಟಬೇಕು. ಆರಿಸಿಕೊಳ್ಳಲು ಕನಿಷ್ಠ 60 ದಿನವಿದ್ದು, ಆರಿಸಿಕೊಂಡರೆ ಹಿಂದಿನ ದಿನಗಳಿಗೂ ಅನ್ವಯಿಸುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಇದು ಸಣ್ಣ ನೆಮ್ಮದಿಯಲ್ಲ.

ಹೊರಡುವುದಾದರೆ

ಅವಧಿಗೆ ಮೊದಲೇ ಕೆಲಸದಿಂದ ತೆಗೆದ ಕಂಪನಿ, ಉದ್ಯೋಗಿ ಸ್ವದೇಶಕ್ಕೆ ಮರಳುವ ಪ್ರಯಾಣದ ನ್ಯಾಯಯುತ ವೆಚ್ಚ ಕೊಡಬೇಕು. ಕುಟುಂಬದವರ ಟಿಕೆಟ್ಟಿಗೆ ಈ ನಿಯಮ ಬಾರದು. ರಾಜೀನಾಮೆ ಕೊಟ್ಟವರಿಗೂ ಇಲ್ಲ. ಕೇಳಿದರೆ ಸಿಗುವ ಹಣ ಇದು, ಕೇಳುವವರು ಕಡಿಮೆ.

ದೇಶ ಬಿಟ್ಟ ಮೇಲೂ ಎಚ್‌-1ಬಿಯ ಆರು ವರ್ಷಗಳಲ್ಲಿ ಉಳಿದ ಕಾಲ ಹಾಳಾಗುವುದಿಲ್ಲ. ಹೊರಗೆ ಕಳೆದ ದಿನಗಳು ಲೆಕ್ಕಕ್ಕಿಲ್ಲ, ಹೊಸ ಕಂಪನಿ ಲಾಟರಿಯಿಲ್ಲದೆ ಅರ್ಜಿ ಹಾಕಬಹುದು. ಆದರೆ 2025ರ ಸೆಪ್ಟೆಂಬರ್ 19ರ ಅಧ್ಯಕ್ಷೀಯ ಘೋಷಣೆ ಈ ದಾರಿಗೆ ದೊಡ್ಡ ಗೋಡೆ ಕಟ್ಟಿತು. ಸೆಪ್ಟೆಂಬರ್ 21ರಿಂದ, ಮೊದಲ ಹಂತದಲ್ಲಿ 12 ತಿಂಗಳ ಮಟ್ಟಿಗೆ, ಚಾಲ್ತಿ ಎಚ್‌-1ಬಿ ವೀಸಾ ಇಲ್ಲದೆ ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂದಿತು. ದೇಶದೊಳಗಿದ್ದೇ ಕಂಪನಿ ಅಥವಾ ಸ್ಥಿತಿ ಬದಲಾಯಿಸುವವರಿಗೆ ಅದು ಅನ್ವಯಿಸದೆಂದು ಅಕ್ಟೋಬರ್ 20ರಂದು ಯುಎಸ್‌ಸಿಐಎಸ್ ತಿಳಿಸಿತು. ಒಳಗಿದ್ದು ಅರ್ಜಿ ಹಾಕಿಸಿದರೂ ಆ ವೇಳೆಗೆ ಅಧಿಕೃತ ಸ್ಥಿತಿ ತಪ್ಪಿದ್ದರೆ, ಇಲ್ಲವೇ ತೀರ್ಮಾನಕ್ಕೆ ಮೊದಲೇ ದೇಶ ಬಿಟ್ಟರೆ, ಆ ಶುಲ್ಕ ತಲೆಯ ಮೇಲೆ ಬರಬಹುದು. ಹಾಗಾಗಿ 60 ದಿನದ ಗೆರೆ ಮೊದಲಿಗಿಂತಲೂ ಈಗ ಬಿಗಿಯಾಗಿದೆ. 2025ರ ಡಿಸೆಂಬರ್ 15ರಿಂದ ಎಚ್‌-1ಬಿ, ಎಚ್‌-4 ಅರ್ಜಿದಾರರ ಸಾಮಾಜಿಕ ಜಾಲತಾಣ ಖಾತೆಗಳನ್ನೂ ಪರಿಶೀಲಿಸಲು ತೊಡಗಿದ ಮೇಲೆ ಭಾರತದಲ್ಲಿ ವೀಸಾ ಸ್ಟಾಂಪಿಂಗ್ ಸಂದರ್ಶನದ ದಿನಾಂಕಗಳು ತಿಂಗಳುಗಟ್ಟಲೆ ಮುಂದೆ ಹೋದವು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಅಲ್ಲಿ ವೀಸಾ ಸೇವೆ ಆಗಲೇ ಶುರುವಾಗಲಿಲ್ಲ. ಕರ್ನಾಟಕದವರು ಚೆನ್ನೈ, ಹೈದರಾಬಾದ್ ದಾರಿ ಹಿಡಿಯುವುದು ನಿಂತಿಲ್ಲ.

ಬೆಂಗಳೂರಿಗೆ ಮರಳುವವರಿಗೆ ಇಲ್ಲಿನ ಜಿಸಿಸಿಗಳು, ಅಂದರೆ ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ತೆರೆದ ಕೇಂದ್ರಗಳು, ದೊಡ್ಡ ಅವಕಾಶ. ಅಂಥ 500 ಹೊಸ ಕೇಂದ್ರಗಳನ್ನು 2029ರೊಳಗೆ ತರುವ ಗುರಿಯೊಂದಿಗೆ ಕರ್ನಾಟಕ ಸರ್ಕಾರ 2024ರಲ್ಲಿ ಪ್ರತ್ಯೇಕ ನೀತಿಯನ್ನೇ ರೂಪಿಸಿತು. ಕೆಲಸ ಕಳೆದುಕೊಂಡ ಕಂಪನಿಯಲ್ಲೇ, ಬೆಂಗಳೂರಿನ ಕಚೇರಿಯಲ್ಲಿ ಜಾಗವಿದೆಯೇ ಎಂದು ಹೊರಡುವ ಮೊದಲೇ ಕೇಳಿದವರಿಗೆ ಮರಳುವುದು ಅಷ್ಟು ಕಷ್ಟವಾಗಿಲ್ಲ.

ಹೊರಡುವ ಮುನ್ನ ತೀರಿಸಬೇಕಾದ ಹಣದ ವಿಚಾರಗಳೂ ಇವೆ. 401(ಕೆ) ಎಂಬ ನಿವೃತ್ತಿ ಉಳಿತಾಯ ಖಾತೆಯನ್ನು ಅವಸರದಲ್ಲಿ ಮುರಿದರೆ ತೆರಿಗೆಯ ಜೊತೆಗೆ, ಐವತ್ತೊಂಬತ್ತೂವರೆ ವರ್ಷ ತುಂಬದವರಿಗೆ, ಸಾಮಾನ್ಯವಾಗಿ ಶೇ 10 ದಂಡ ಬೀಳುತ್ತದೆ. ಹಾಗೇ ಬಿಟ್ಟುಬರಲು ಬಹುತೇಕ ಅಡ್ಡಿಯಿಲ್ಲ. ಸೋಷಿಯಲ್ ಸೆಕ್ಯುರಿಟಿಗೆ ಕಟ್ಟಿದ ಹಣದಿಂದ ಪಿಂಚಣಿ ಬರಬೇಕಾದರೆ 40 ಕ್ರೆಡಿಟ್, ಸರಿಸುಮಾರು ಹತ್ತು ವರ್ಷದ ದುಡಿಮೆ, ಬೇಕು. ಭಾರತಕ್ಕೂ ಅಮೆರಿಕಕ್ಕೂ ಈ ಬಗ್ಗೆ ಒಪ್ಪಂದವಿಲ್ಲದ ಕಾರಣ ಒಂಬತ್ತು ವರ್ಷ ದುಡಿದು ಬಂದವರ ಪಾಲು ಅಲ್ಲೇ ಉಳಿಯುತ್ತದೆ. ಇಲ್ಲಿಗೆ ಬಂದ ಮೇಲೆ ಎನ್‌ಆರ್‌ಇ ಖಾತೆಗಳನ್ನು ನಿವಾಸಿ ಖಾತೆಗಳಾಗಿ ಬದಲಾಯಿಸಬೇಕು. ಬಹುಕಾಲ ಹೊರಗಿದ್ದವರಿಗೆ ಆದಾಯ ತೆರಿಗೆ ಕಾನೂನು ಆರ್‌ಎನ್‌ಒಆರ್ ಎಂಬ ಮಧ್ಯಂತರ ಸ್ಥಾನ ಕೊಟ್ಟು, ಕೆಲವು ವರ್ಷ ಅವರ ವಿದೇಶಿ ಆದಾಯವನ್ನು ಸಾಮಾನ್ಯವಾಗಿ ತೆರಿಗೆಯಿಂದ ಹೊರಗಿಡುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಆ ದೇಶದ ಪ್ರಜೆಗಳು. ಅವರಿಗೆ ಒಸಿಐ ಕಾರ್ಡ್ ಇಲ್ಲದಿದ್ದರೆ, ಅಲ್ಲಿರುವಾಗಲೇ ಮಾಡಿಸಿಕೊಂಡು ಬರುವುದು ಶಾಲೆಗೆ ಸೇರಿಸುವ ಹೊತ್ತಿಗೆ ಅನುಕೂಲ.